ಗುಲಾಬಿ ಮುಳ್ಳು, ನಕ್ಷತ್ರ ಮೀನು ಮತ್ತು ಹೊಲ ಮೇಯುವ ಬೇಲಿ

ಕಾಲಿಗೆ ಮುಳ್ಳು ಚುಚ್ಚಿಸಿಕೊಳ್ಳದೆ ದೊಡ್ಡವರಾದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅರ್ಧ ಮುರಿದು ಒಳಗೇ ಉಳಿದ ಮುಳ್ಳಾದರಂತೂ ಕೇಳುವುದೇ ಬೇಡ. ಬೆಳಗಾಗುವಷ್ಟರಲ್ಲಿ ಸುತ್ತ ಕೆಂಪಗಾಗಿರುತ್ತೆ, ಊದಿಕೊಂಡಿರುತ್ತೆ, ಮುಟ್ಟಿದರೆ ಬಿಸಿ, ಒತ್ತಿದರೆ ಜೀವ ಹೋಗುವ ನೋವು. ಕೆಂಪು, ಊತ, ಬಿಸಿ, ನೋವು - ಈ ನಾಲ್ಕನ್ನೂ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ಸೆಲ್ಸಸ್ ಎಂಬಾತ ಒಟ್ಟಿಗೆ ಬರೆದಿಟ್ಟಿದ್ದ. ಇದೇ ಉರಿಯೂತ. ಉರಿ ಮತ್ತು ಊತ. ನಮ್ಮ ಪದವೇ ಅರ್ಧ ಲಕ್ಷಣ ಹೇಳಿಬಿಡುತ್ತೆ ನೋಡಿ.

ಈಗ ಪ್ರಶ್ನೆ. ಈ ಉರಿಯೂತ ಅನ್ನೋದು ಕಾಯಿಲೆಯೋ, ಇಲ್ಲಾ ಕಾಯಿಲೆಗೆ ನಮ್ಮ ಮೈ ಕೊಡುವ ಉತ್ತರವೋ? ಕೇಳಲಿಕ್ಕೆ ಸುಲಭ. ಆದರೆ ಇದಕ್ಕಾಗಿ ಯುರೋಪಿನ ವಿಜ್ಞಾನಿಗಳು ಹೆಚ್ಚೂಕಮ್ಮಿ ಇಪ್ಪತ್ತೈದು ವರ್ಷ ಕಿತ್ತಾಡಿದ್ದಾರೆ. ಆ ಜಗಳ ಹಚ್ಚಿದವನು ವೈದ್ಯನೇ ಅಲ್ಲ. ಹುಳ ಹುಪ್ಪಟೆ, ಸಮುದ್ರದ ಜೀವಿಗಳನ್ನು ನೋಡಿಕೊಂಡಿದ್ದ ಒಬ್ಬ ಪ್ರಾಣಿಶಾಸ್ತ್ರಜ್ಞ. ಹೆಸರು ಇಲ್ಯಾ ಮೆಚ್ನಿಕಾಫ್.

ಈತ ಹುಟ್ಟಿದ್ದು 1845ರಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಗಳ ಆಳ್ವಿಕೆಗೆ ಸೇರಿತ್ತು. 1869ರಲ್ಲಿ ಲುಡ್ಮಿಲಾ ಎಂಬಾಕೆಯನ್ನು ಮದುವೆಯಾದ. ಮದುಮಗಳು ಅದಾಗಲೇ ಎಷ್ಟು ಸೊರಗಿದ್ದಳೆಂದರೆ ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಚರ್ಚಿಗೆ ಹೊತ್ತು ತಂದರಂತೆ. ಕಾಯಿಲೆ ಕ್ಷಯ. ಬೆಚ್ಚಗಿನ ಹವೆ ಸಿಕ್ಕರೆ ಉಳಿದಾಳು ಎಂದು ಊರೂರು ಸುತ್ತಿಸಿದ. ಕಡೆಗೆ ಅಟ್ಲಾಂಟಿಕ್ ಸಾಗರದ ಮಡೇರಾ ದ್ವೀಪಕ್ಕೂ ಕರೆದೊಯ್ದ. 1873ರಲ್ಲಿ ಅವಳು ಅಲ್ಲೇ ತೀರಿಕೊಂಡಳು. ಮೆಚ್ನಿಕಾಫ್ ವಿಷ ತೆಗೆದುಕೊಂಡ. ವಾಂತಿಯಾಗಿ ಬದುಕಿಕೊಂಡ.

ಎರಡು ವರ್ಷದ ನಂತರ ಓಲ್ಗಾಳನ್ನು ಮದುವೆಯಾದ. 1881ರ ಹೊತ್ತಿಗೆ ಮತ್ತೆ ಮನಸ್ಸು ಕುಸಿದು, ಮರುಕಳಿಸುವ ಜ್ವರದ ರೋಗಿಯೊಬ್ಬನ ರಕ್ತವನ್ನು ತನ್ನ ಮೈಗೇ ಚುಚ್ಚಿಕೊಂಡ. ಸತ್ತರೂ ಆ ಸಾವಿನಿಂದ ವಿಜ್ಞಾನಕ್ಕೆ ಏನಾದರೂ ತಿಳಿಯಲಿ ಎಂಬುದು ಅವನ ಲೆಕ್ಕವಾಗಿತ್ತು ಎನ್ನುತ್ತಾರೆ. ಆಗಲೂ ಸಾಯಲಿಲ್ಲ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ರಾಜಕೀಯದ ಗಲಾಟೆ ಮಿತಿಮೀರಿದಾಗ 1882ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹೆಂಡತಿ ಮತ್ತು ಅವಳ ತಮ್ಮ ತಂಗಿಯರ ಜೊತೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಬಂದ.

ಅಲ್ಲಿ ನಡೆದದ್ದನ್ನು ಆತನೇ ಮುಂದೆ ಬರೆದಿದ್ದಾನೆ. ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ ನೋಡಲು ಹೋಗಿದ್ದರು, ಪಳಗಿಸಿದ ವಾನರಗಳ ಆಟ ಇತ್ತಂತೆ. ಈತ ಒಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ. ಗಾಜಿನ ಕೆಳಗೆ ನಕ್ಷತ್ರ ಮೀನಿನ ಮರಿ. ಇವು ಗಾಜಿನಷ್ಟೇ ಪಾರದರ್ಶಕ, ಹಾಗಾಗಿ ಕೊಯ್ಯದೆಯೇ ಒಳಗೆ ನಡೆಯುವುದೆಲ್ಲ ಕಾಣುತ್ತೆ. ಒಳಗೆ ಕೆಲವು ಜೀವಕೋಶಗಳು ಅತ್ತಿತ್ತ ಓಡಾಡಿಕೊಂಡಿದ್ದವು. ಇಂಥ ಕೋಶಗಳು ಆಹಾರ ನುಂಗುವುದನ್ನು ಆತ ಮೊದಲೇ ನೋಡಿದ್ದ. ಥಟ್ಟನೆ ಹೊಳೆಯಿತು: ಇವು ಬರೀ ಹೊಟ್ಟೆಪಾಡಿಗೆ ಓಡಾಡುತ್ತಿಲ್ಲ, ಹೊರಗಿನಿಂದ ಬಂದ ಶತ್ರುವನ್ನೂ ಹೀಗೇ ಮುತ್ತಿ ತಿನ್ನಬಹುದಲ್ಲ? ಹಾಗಿದ್ದರೆ ಮುಳ್ಳು ಚುಚ್ಚಿದ ಬೆರಳಿನ ಸುತ್ತ ಬಿಳಿ ರಕ್ತಕಣಗಳು ಸೇರುವ ಹಾಗೆ ಇಲ್ಲೂ ಸೇರಬೇಕು!

ತಡೆಯಲಾಗಲಿಲ್ಲ. ಮನೆಯ ಕೈತೋಟಕ್ಕೆ ಹೋಗಿ ಗುಲಾಬಿ ಮುಳ್ಳುಗಳನ್ನು ಕಿತ್ತು ತಂದು ಮರಿಗಳ ಮೈಗೆ ಚುಚ್ಚಿದ. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಆ ಕೋಶಗಳೆಲ್ಲ ಗುಂಪುಗಟ್ಟಿ ನಿಂತಿದ್ದವು.

ಇದರಲ್ಲೇನು ವಿಶೇಷ ಅಂತೀರಾ? ನಕ್ಷತ್ರ ಮೀನಿನ ಮರಿಗೆ ನಮ್ಮ ಹಾಗೆ ರಕ್ತನಾಳಗಳಿಲ್ಲ. ಆ ಕಾಲದಲ್ಲಿ ಉರಿಯೂತವನ್ನು ವಿವರಿಸುತ್ತಿದ್ದದ್ದೇ ರಕ್ತನಾಳಗಳ ಮೂಲಕ. ಜರ್ಮನಿಯ ಕೋನ್‌ಹೈಮ್ 1867ರಲ್ಲಿ, ಬಿಳಿ ಕಣಗಳು ರಕ್ತನಾಳದ ಗೋಡೆಯಿಂದ ನುಸುಳಿ ಹೊರಬರುವುದನ್ನು ಕಪ್ಪೆಗಳಲ್ಲಿ ತೋರಿಸಿದ್ದ. ನಾಳದ ಗೋಡೆ ಕೆಡುವುದೇ ಉರಿಯೂತದ ಮೂಲ ಎಂಬುದು ಅವನ ವಾದ. ಬಿಳಿ ಕಣಗಳ ಹೊಟ್ಟೆಯಲ್ಲಿ ರೋಗಾಣುಗಳು ಕಂಡಿದ್ದೂ ಉಂಟು. ಆದರೆ ಅದಕ್ಕೆ ಜನ ಕೊಟ್ಟ ಅರ್ಥವೇ ಬೇರೆ: ರೋಗಾಣು ಈ ಕಣಗಳಲ್ಲಿ ಕೂತು ಮೈಯೆಲ್ಲ ಸವಾರಿ ಮಾಡುತ್ತೆ! ಮೆಚ್ನಿಕಾಫ್ ಹೇಳಿದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ರಕ್ತನಾಳವೇ ಇಲ್ಲದ ಜೀವಿಯಲ್ಲೂ ಮುಳ್ಳಿನ ಸುತ್ತ ಕೋಶಗಳು ಮುತ್ತುತ್ತವೆ ಎಂದ ಮೇಲೆ ಉರಿಯೂತದ ತಿರುಳು ಆ ಕೋಶಗಳೇ, ನಾಳಗಳು ಆಮೇಲೆ ಬಂದ ಅನುಕೂಲ. ಮತ್ತು ಅದು ಕೇಡಲ್ಲ, ಕಾವಲು.

ಆಗಿನ ವೈದ್ಯಲೋಕದ ದೊಡ್ಡ ತಲೆ ರುಡಾಲ್ಫ್ ವಿರ್ಶೋ 1883ರಲ್ಲಿ ಮೆಸ್ಸಿನಾಕ್ಕೆ ಬಂದಿದ್ದಾಗ ಇದನ್ನೆಲ್ಲ ನೋಡಿ ಮೆಚ್ಚಿದ. ಜೊತೆಗೇ, ವೈದ್ಯರು ಇದರ ಉಲ್ಟಾ ನಂಬಿದ್ದಾರೆ, ಹುಷಾರಾಗಿ ಮುಂದುವರಿ ಎಂದೂ ಹೇಳಿದ. ವಿಯೆನ್ನಾದಲ್ಲಿ ಪ್ರೊಫೆಸರ್ ಕ್ಲಾಸ್ ಮತ್ತು ಜೊತೆಗಾರರು 'ತಿನ್ನುವ ಕೋಶ'ಕ್ಕೆ ಗ್ರೀಕಿನಲ್ಲಿ ಒಂದು ಹೆಸರು ಹುಡುಕಿಕೊಟ್ಟರು: ಫ್ಯಾಗೊಸೈಟ್. ಇವುಗಳಲ್ಲಿ ದೊಡ್ಡವಕ್ಕೆ ಮೆಚ್ನಿಕಾಫ್ ಮುಂದೆ ಮ್ಯಾಕ್ರೋಫೇಜ್ ಎಂದು ಹೆಸರಿಟ್ಟ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ದೊಡ್ಡ ಹೊಟ್ಟೆಬಾಕ' :-)

1884ರಲ್ಲಿ ಆತ ಡಾಫ್ನಿಯಾ ಎಂಬ ನೀರಿನ ಚಿಗಟವನ್ನು ಹಿಡಿದ. ಅದೂ ಪಾರದರ್ಶಕವೇ. ಸೂಜಿಯಂಥ ಬೀಜಕಗಳಿರುವ ಒಂದು ಬಗೆಯ ಯೀಸ್ಟ್ ಅದರ ಕರುಳು ತೂರಿ ಮೈಯೊಳಗೆ ನುಗ್ಗುತ್ತೆ. ಆಗ ಕೋಶಗಳು ಬಂದು ಮುತ್ತುತ್ತವೆ. ಕೋಶ ಗೆದ್ದರೆ ಚಿಗಟ ಬದುಕುತ್ತೆ, ಯೀಸ್ಟ್ ಗೆದ್ದರೆ ಸಾಯುತ್ತೆ. ರೋಗ ಎಂದರೆ ಎರಡು ಜೀವಿಗಳ ನಡುವಿನ ಕಾಳಗ ಎಂಬುದನ್ನು ಆತ ಕಣ್ಣಾರೆ ತೋರಿಸಿದ.

1888ರಲ್ಲಿ ಲೂಯಿ ಪಾಶ್ಚರ್ ತನ್ನ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟ. ಮುಂದಿನ ಬದುಕೆಲ್ಲ ಪ್ಯಾರಿಸ್‌ನಲ್ಲೇ. ಆದರೆ ನೆಮ್ಮದಿ ಎಲ್ಲಿ? ಬರ್ಲಿನ್‌ನಲ್ಲಿ 1890ರಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಾಸಾಟೋ, ಕೋಶಗಳೇ ಇಲ್ಲದ ಬರೀ ಸೀರಮ್ ಕೂಡ ಧನುರ್ವಾಯು, ಡಿಫ್ತೀರಿಯಾದ ವಿಷವನ್ನು ತಣಿಸಬಲ್ಲದು ಎಂದು ತೋರಿಸಿದರು. 1894ರಲ್ಲಿ ಫೈಫರ್, ಗಿನಿ ಹಂದಿಯ ಹೊಟ್ಟೆಯಲ್ಲಿ ಕಾಲರಾ ರೋಗಾಣುಗಳು ಯಾವ ಕೋಶದ ಹಂಗೂ ಇಲ್ಲದೆ ಕರಗಿಹೋಗುವುದನ್ನು ತೋರಿಸಿದ. ಅಲ್ಲಿಗೆ ಎರಡು ಪಕ್ಷಗಳಾದವು. ಕಾಯುವುದು ಕೋಶ ಎಂದು ಪ್ಯಾರಿಸ್, ಕಾಯುವುದು ರಕ್ತದ ರಸ ಎಂದು ಬರ್ಲಿನ್. ಫ್ರಾನ್ಸ್ ಮತ್ತು ಜರ್ಮನಿ ಯುದ್ಧ ಮುಗಿಸಿ ಆಗಿನ್ನೂ ಎರಡು ದಶಕ, ಹಳೇ ಸಿಟ್ಟೂ ಸೇರಿಕೊಂಡಿತ್ತು. ರಾಜಿ ಪಂಚಾಯ್ತಿಗೆ ದಾರಿ ತೋರಿದ್ದು ಲಂಡನ್ನಿನ ಆಲ್ಮ್‌ರಾತ್ ರೈಟ್. ಸೀರಮ್‌ನಲ್ಲಿರುವ ಒಂದು ವಸ್ತು ರೋಗಾಣುವಿನ ಮೈಗೆ ಅಂಟಿದರೆ ಕೋಶಗಳು ಅದನ್ನು ಚೆನ್ನಾಗಿ ತಿನ್ನುತ್ತವೆ ಎಂದು 1903ರಲ್ಲಿ ಹೇಳಿದ. ಒಗ್ಗರಣೆ ಹಾಕಿದ ಹಾಗೆ ಅನ್ನಿ! 1908ರಲ್ಲಿ ನೊಬೆಲ್ ಸಮಿತಿಯೂ ಜಾಣತನ ಮಾಡಿ, ರಸದ ಪಕ್ಷದ ಪಾಲ್ ಎರ್ಲಿಕ್ ಮತ್ತು ಕೋಶದ ಪಕ್ಷದ ಮೆಚ್ನಿಕಾಫ್ ಇಬ್ಬರಿಗೂ ಬಹುಮಾನ ಹಂಚಿತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತೆ. ನನಗೆ ಕುತೂಹಲ ಹುಟ್ಟಿಸಿದ್ದು ಇದರ ಇನ್ನೊಂದು ಮಗ್ಗಲು. ತನ್ನ ಮುದ್ದಿನ ಕಾವಲುಗಾರನ ಮೇಲೆ ಮೊದಲು ಅನುಮಾನಪಟ್ಟವರಲ್ಲಿ ಸ್ವತಃ ಮೆಚ್ನಿಕಾಫ್ ಕೂಡ ಒಬ್ಬ. ಮುಪ್ಪು ಯಾಕೆ ಬರುತ್ತೆ ಎಂದು ಯೋಚಿಸುತ್ತಾ, ವಯಸ್ಸಾದಂತೆ ಮ್ಯಾಕ್ರೋಫೇಜ್‌ಗಳು ನಮ್ಮವೇ ಕೋಶಗಳನ್ನು, ಮೆದುಳಿನ ನರಕೋಶಗಳನ್ನೂ ಸೇರಿಸಿ, ತಿನ್ನತೊಡಗುತ್ತವೆ ಎಂದ. ಕೂದಲು ನರೆಯುವುದೂ ಇವು ಬಣ್ಣ ತಿಂದುಹಾಕುವುದರಿಂದಲೇ ಎಂದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಕರುಳಿನಲ್ಲಿ ಕೊಳೆಯುವ ವಿಷದಿಂದ ಕೋಶಗಳು ಸೊರಗುತ್ತವೆ, ಸೊರಗಿದ್ದನ್ನು ಮ್ಯಾಕ್ರೋಫೇಜ್ ಮೇಯುತ್ತೆ, ಆದ್ದರಿಂದ ಕೊಳೆಯುವುದನ್ನು ತಡೆಯಲು ಹುಳಿ ಹಾಲು ಕುಡಿಯಿರಿ ಎಂದು ಪ್ರಚಾರ ಮಾಡಿದ. ಮೊಸರನ್ನ ತಿಂದು ಬೆಳೆದ ನಮಗೆ ಹೊಸದೇನಲ್ಲ, ಆದರೆ ಯುರೋಪಿನಲ್ಲಿ ಮೊಸರಿಗೆ ಬಂದ ಮರ್ಯಾದೆಯ ಹಿಂದೆ ಮ್ಯಾಕ್ರೋಫೇಜ್ ಭಯ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಕೂದಲಿನ ವಾದ, ಕರುಳಿನ ವಿಷದ ವಾದ ಆತ ಹೇಳಿದ ರೂಪದಲ್ಲಿ ನಿಲ್ಲಲಿಲ್ಲ. ಆತ 1916ರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡ, ವಯಸ್ಸು 71. ಆದರೆ 'ಬೇಲಿ ಹೊಲ ಮೇಯಬಹುದು' ಎಂಬ ಅನುಮಾನ ಮಾತ್ರ ನಿಂತಿತು.

ಹೃದಯವನ್ನೇ ತೆಗೆದುಕೊಳ್ಳಿ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ರಕ್ತನಾಳ ಕತ್ತರಿಸಿ ನೋಡಿದಾಗ, ಗೋಡೆಯೊಳಗೆ ಕೊಬ್ಬು ತುಂಬಿ ನೊರೆಯಂತಾದ ಕೋಶಗಳು ಕಂಡವು. ಅವು ಕೊಲೆಸ್ಟರಾಲ್ ನುಂಗಿ ನುಂಗಿ ಸಿಕ್ಕಿಹಾಕಿಕೊಂಡ ಮ್ಯಾಕ್ರೋಫೇಜ್‌ಗಳು. ಕೊಬ್ಬನ್ನು ತೆರವು ಮಾಡಲು ಬಂದವು ಅಲ್ಲೇ ಕೂತು, ಸತ್ತು, ಉರಿಯೂತ ಹೆಚ್ಚಿಸಿ, ಗೋಡೆಯನ್ನು ದುರ್ಬಲ ಮಾಡುತ್ತವೆ. ಅದು ಒಡೆದಾಗ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಅದೇ ಹೃದಯಾಘಾತ.

ಕಳ್ಳನಿಗೆ ಮನೆ ಕೊಟ್ಟ ಕಾವಲುಗಾರನ ಕಥೆಯೂ ಇದೆ. 1903ರಲ್ಲಿ ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಎಂಬ ವೈದ್ಯ ಕಾಲಾ ಅಜಾರ್ ಜ್ವರದ ರೋಗಿಗಳ ಗುಲ್ಮದಲ್ಲಿ ಚಿಕ್ಕ ಚಿಕ್ಕ ಕಾಯಗಳನ್ನು ಕಂಡ. ಅದೇ ವರ್ಷ ಇಂಗ್ಲೆಂಡಿನಲ್ಲಿ ಲೀಶ್ಮನ್ ಕೂಡ ಅವನ್ನು ವರದಿ ಮಾಡಿದ್ದ. ಇಬ್ಬರ ಹೆಸರೂ ಸೇರಿ ಆ ಪರೋಪಜೀವಿ ಲೀಶ್ಮೇನಿಯಾ ಡೊನೊವಾನಿ ಆಯಿತು. ಅದು ವಾಸ ಮಾಡುವುದೆಲ್ಲಿ ಗೊತ್ತಾ? ಮ್ಯಾಕ್ರೋಫೇಜ್ ಒಳಗೇ.

ಕ್ಷಯದ ರೋಗಾಣುವಿನದ್ದೂ ಇದೇ ಬುದ್ಧಿ. ಮ್ಯಾಕ್ರೋಫೇಜ್ ನುಂಗಿದ್ದನ್ನು ಒಂದು ಚೀಲದಲ್ಲಿ ಇಟ್ಟು, ಅದಕ್ಕೆ ಅರಗಿಸುವ ರಸ ತುಂಬಿದ ಇನ್ನೊಂದು ಚೀಲವನ್ನು ಸೇರಿಸುತ್ತೆ. ಬದುಕಿರುವ ಕ್ಷಯದ ರೋಗಾಣು ಈ ಎರಡು ಚೀಲಗಳು ಸೇರದಂತೆಯೇ ನೋಡಿಕೊಳ್ಳುತ್ತೆ ಎಂದು 1971ರಲ್ಲಿ ಲಂಡನ್ನಿನ ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ತೋರಿಸಿದರು. ಒಂದೇ ಕೋಶದಿಂದ ಆಗದಾಗ ಮ್ಯಾಕ್ರೋಫೇಜ್‌ಗಳು ಗುಂಪುಗಟ್ಟಿ, ಬೇರೆ ಕೋಶಗಳನ್ನೂ ಕರೆದು, ರೋಗಾಣುವಿನ ಸುತ್ತ ಗಂಟು ಕಟ್ಟುತ್ತವೆ. ಮುಳ್ಳಿನ ಸುತ್ತ ಮುತ್ತಿದ ಹಾಗೆಯೇ! ಎಷ್ಟೋ ಜನರಲ್ಲಿ ರೋಗಾಣು ಈ ಗಂಟಿನ ಸೆರೆಯಲ್ಲೇ ಜೀವನಪೂರ್ತಿ ಮಲಗಿರುತ್ತೆ. ಲುಡ್ಮಿಲಾಳ ಪುಪ್ಪುಸದಲ್ಲಿ ಸೆರೆ ಒಡೆದಿತ್ತು.

ಮೆಚ್ನಿಕಾಫ್ ಕ್ಷಯವನ್ನು ಮರೆಯಲಿಲ್ಲ. 1911ರಲ್ಲಿ, ಅರವತ್ತು ದಾಟಿದ ಮೇಲೂ, ಕ್ಷಯದ ಅಧ್ಯಯನಕ್ಕೆಂದು ರಷ್ಯಾದ ಕಲ್ಮಿಕ್ ಹುಲ್ಲುಗಾವಲಿಗೆ ಹೋಗಿಬಂದ.

ಈಗ ನಮ್ಮ ಕಾಲಕ್ಕೆ ಬರೋಣ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಲಿಗಳ ಗೆಡ್ಡೆಯನ್ನು ಕೊಲ್ಲುವ ಒಂದು ವಸ್ತುವನ್ನು ಗುರುತಿಸಿ ಟಿಎನ್‌ಎಫ್ ಎಂದು ಹೆಸರಿಟ್ಟರು. ಅದನ್ನು ಮುಖ್ಯವಾಗಿ ತಯಾರಿಸುವುದು ಮ್ಯಾಕ್ರೋಫೇಜ್, ಮತ್ತು ಅದು ಉರಿಯೂತದ ಕಿಚ್ಚಿಗೆ ತುಪ್ಪ ಎಂದು ಆಮೇಲೆ ತಿಳಿಯಿತು. ಕೀಲು ಕೀಲೂ ಊದಿಕೊಂಡು ಬೆರಳು ಸೊಟ್ಟಗಾಗುವ ರುಮಟಾಯ್ಡ್ ಸಂಧಿವಾತದಲ್ಲಿ ಇದನ್ನು ತಡೆದರೆ ಹೇಗೆ ಎಂದು ಲಂಡನ್ನಿನ ಫೆಲ್ಡ್‌ಮನ್ ಮತ್ತು ಮೈನಿ 1992ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರು ಮಾಡಿದರು. ಗುಣ ಕಂಡಿತು. ಲಕ್ಷಾಂತರ ಜನರ ಬದುಕು ಹಗುರಾಯಿತು. ಆದರೆ 2001ರಲ್ಲಿ ಒಂದು ವರದಿ ಬಂತು: ಇಂಥ ಒಂದು ಔಷಧಿ ತೆಗೆದುಕೊಂಡವರಲ್ಲಿ 70 ಮಂದಿಗೆ ಕ್ಷಯ. ಗಂಟನ್ನು ಗಟ್ಟಿಯಾಗಿ ಹಿಡಿದಿಟ್ಟಿದ್ದು ಕೂಡ ಅದೇ ಟಿಎನ್‌ಎಫ್! ಬೆಂಕಿ ಆರಿಸಲು ಹೋದರೆ ಜೈಲಿನ ಬಾಗಿಲು ತೆರೆದುಕೊಂಡಿತು.

2017ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದ್ದೂ ಇದೇ ಪಾಠ. ಹಿಂದೆ ಹೃದಯಾಘಾತವಾಗಿದ್ದ ಸುಮಾರು ಹತ್ತು ಸಾವಿರ ಜನರಲ್ಲಿ ಉರಿಯೂತದ ಇನ್ನೊಂದು ಸಂದೇಶವಾಹಕ ಐಎಲ್-1 ಬೀಟಾವನ್ನು ತಡೆದು ನೋಡಿದರು. ಹೃದಯದ ತೊಂದರೆಗಳು ಮರುಕಳಿಸುವುದು ಕಡಿಮೆಯಾಯಿತು, ಸೋಂಕಿನಿಂದ ಸಾಯುವವರು ಹೆಚ್ಚಾದರು. 2020ರಲ್ಲಿ ಕೋವಿಡ್ ಬಂದಾಗ ಡೆಕ್ಸಾಮೆಥಾಸೋನ್ ಎಂಬ ಹಳೇ ಅಗ್ಗದ ಸ್ಟಿರಾಯ್ಡ್, ಆಮ್ಲಜನಕ ಬೇಕಾಗುವಷ್ಟು ಹದಗೆಟ್ಟವರ ಜೀವ ಉಳಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವೇನೂ ಕಾಣಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ. ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಡಬ್ಬಿ ಮತ್ತು 'ಉರಿಯೂತ ಇಳಿಸುವ' ಡಬ್ಬಿ ಅಕ್ಕಪಕ್ಕ ಕೂತಿರುತ್ತವೆ. ಎರಡನ್ನೂ ಒಟ್ಟಿಗೇ ಕೊಂಡು ತರುವವರೂ ಇದ್ದಾರೆ! ಆದರೆ ಎರಡೂ ಒಂದೇ ಕೋಶದ ಕೆಲಸ. ಒಳ್ಳೇ ಮ್ಯಾಕ್ರೋಫೇಜ್ ಬೇರೆ, ಕೆಟ್ಟ ಮ್ಯಾಕ್ರೋಫೇಜ್ ಬೇರೆ ಎಂದು ಎರಡು ಜಾತಿ ಇಲ್ಲ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಅನ್ನುವುದರ ಮೇಲೆ ಅದು ಬೇಲಿಯೋ, ಮೇಯುವ ದನವೋ ನಿರ್ಧಾರವಾಗುತ್ತೆ. ಉರಿಯೂತ ಒಂದು ಉತ್ತರ ಎಂದ ಮೆಚ್ನಿಕಾಫ್ ಮಾತು ಸುಳ್ಳಾಗಿಲ್ಲ. ಉತ್ತರ ನಿಲ್ಲದಿದ್ದರೆ ಅದೇ ಕಾಯಿಲೆ ಎಂಬುದು ಆ ಮಾತಿಗೆ ಆಮೇಲೆ ಸೇರಿದ್ದು.

ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಸಂಧಿವಾತಕ್ಕೆ ಇಂಥ ಚುಚ್ಚುಮದ್ದು ಶುರು ಮಾಡುವವರಿದ್ದರೆ, ವೈದ್ಯರು ಮೊದಲು ಕ್ಷಯದ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಕೀಲು ನೋವಿಗೂ ಕ್ಷಯಕ್ಕೂ ಏನು ಸಂಬಂಧ, ದುಡ್ಡು ಕೀಳುವ ದಾರಿ ಎಂದು ಗೊಣಗಬೇಡಿ. ನಮ್ಮ ದೇಶದಲ್ಲಿ ಆ ಗಂಟನ್ನು ಒಳಗಿಟ್ಟುಕೊಂಡು ಓಡಾಡುವವರು ಬಹಳ ಮಂದಿ, ಅವರಿಗೇ ಅದು ಗೊತ್ತಿರುವುದಿಲ್ಲ. ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.