ವಿಮಾನ ಹತ್ತುವ ಮುನ್ನ ಕೇಳುವ ಮಾಹಿತಿ: ಯಾರಿಗಾಗಿ, ಎಷ್ಟು ಕೊಡಬೇಕು?

ವಿಮಾನದ ಟಿಕೆಟಿಗೆ ಹಣ ಕಟ್ಟಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ ತುಂಬಿಸಿ, ಹುಟ್ಟಿದ ದಿನಾಂಕ ಕೊಡಿ, ಅಲ್ಲಿ ತಂಗುವ ಮನೆಯ ವಿಳಾಸ ಬರೆಯಿರಿ, ಊರಿನಲ್ಲಿರುವ ಒಬ್ಬರ ಫೋನ್ ನಂಬರ್ ಕೊಡಿ ಎಂದು ಕಂಪೆನಿಯಿಂದ ಒಂದರ ಹಿಂದೆ ಒಂದು ಸಂದೇಶ ಬರುತ್ತದೆ. ಮಕ್ಕಳನ್ನು ನೋಡಲು ದುಬೈಗೋ ಅಮೆರಿಕಕ್ಕೋ ಹೊರಟ ನಮ್ಮ ಹಿರಿಯರಲ್ಲಿ ಹಲವರು ಇದನ್ನೆಲ್ಲ ಏಜೆಂಟರ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಇದೇನೋ ಮೋಸದ ಜಾಲ ಇರಬೇಕೆಂದು ಉತ್ತರವನ್ನೇ ಕೊಡುವುದಿಲ್ಲ. ಎರಡರಿಂದಲೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೇಚಿಗೆ ಸಿಲುಕುವ ಸಂಭವ ಇದೆ.

ಹೀಗೆ ಕೇಳುವ ಮಾಹಿತಿಯಲ್ಲಿ ಒಂದಷ್ಟು ಸರಕಾರಗಳ ಕಾನೂನಿಗಾಗಿ, ಒಂದಷ್ಟು ಪ್ರಯಾಣಿಕರ ಹಿತಕ್ಕಾಗಿ, ಉಳಿದದ್ದು ಕಂಪೆನಿಯ ವ್ಯಾಪಾರಕ್ಕಾಗಿ. ಅರ್ಜಿಯಲ್ಲಿ ಮೂರೂ ಬೆರೆತೇ ಇರುತ್ತವೆ. ಅವುಗಳನ್ನು ಬೇರ್ಪಡಿಸಿ ನೋಡಲು ಸಹಾಯವಾಗಲಿ ಎಂಬ ಉದ್ದೇಶದಿಂದ ಈ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಸರಕಾರಗಳು ಕೇಳುವುದು

ಮೊದಲನೆಯದಕ್ಕೆ ಮುಂಗಡ ಪ್ರಯಾಣಿಕ ಮಾಹಿತಿ ಎಂದು ಹೆಸರು, ಎ.ಪಿ.ಐ. ಎಂಬ ಮೂರು ಅಕ್ಷರಗಳಿಂದ ಅದನ್ನು ಗುರುತಿಸುತ್ತಾರೆ. ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಲಿಂಗ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ, ಅದರ ಅವಧಿ ಮುಗಿಯುವ ದಿನ, ಅದನ್ನು ಕೊಟ್ಟ ದೇಶ, ಅಂದರೆ ಪಾಸ್‌ಪೋರ್ಟಿನಲ್ಲಿ ಹೇಗೂ ಇರುವ ವಿವರಗಳೇ. ವಿಮಾನ ಹೊರಡುವ ಹೊತ್ತಿಗೆ ಕಂಪೆನಿ ಇವನ್ನು ತಲುಪುವ ದೇಶಕ್ಕೆ ಕಳುಹಿಸುತ್ತದೆ. ಕೆಲವು ದೇಶಗಳು ಒಬ್ಬೊಬ್ಬ ಪ್ರಯಾಣಿಕರ ಬಗ್ಗೆಯೂ ‘ಹತ್ತಿಸಬಹುದು’ ಅಥವಾ ‘ಹತ್ತಿಸಬೇಡಿ’ ಎಂದು ಕೂಡಲೇ ಉತ್ತರ ಕೊಡುತ್ತವೆ. ಆ ಉತ್ತರ ಬರುವ ತನಕ ಕೌಂಟರಿನಲ್ಲಿರುವವರು ಬೋರ್ಡಿಂಗ್ ಪಾಸ್ ಕೊಡುವ ಹಾಗಿಲ್ಲ. ಅವರನ್ನು ಗದರಿಸಿ ಪ್ರಯೋಜನವೂ ಇಲ್ಲ.

ಅಮೆರಿಕದಲ್ಲಿ ಈ ಪದ್ಧತಿ 1988ರಲ್ಲಿ ಆರಂಭವಾದಾಗ ಕಂಪೆನಿಗಳು ಇಷ್ಟವಿದ್ದರೆ ಮಾತ್ರ ಮಾಹಿತಿ ಕೊಡಬಹುದಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅದೇ ವರ್ಷದ ನವೆಂಬರಿನಲ್ಲಿ ಬಂದ ಕಾನೂನು ಅದನ್ನು ಕಡ್ಡಾಯ ಮಾಡಿತು. ಐರೋಪ್ಯ ಒಕ್ಕೂಟ 2004ರಲ್ಲಿ ತನ್ನ ನಿಯಮ ಹೊರಡಿಸಿತು. 2017ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 2396ನೇ ನಿರ್ಣಯದ ಮೂಲಕ ಎಲ್ಲ ಸದಸ್ಯ ರಾಷ್ಟ್ರಗಳೂ ಇಂಥ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಹೇಳಿತು. ಆದ್ದರಿಂದ ಪಾಸ್‌ಪೋರ್ಟಿನ ವಿವರ ಕೊಡದೆ ವಿದೇಶಕ್ಕೆ ಹಾರುತ್ತೇನೆ ಎಂಬುದು ಈಗ ಆಗುವ ಮಾತಲ್ಲ.

ಅಮೆರಿಕಕ್ಕೆ ಹೋಗುವವರಿಗೆ ಇನ್ನೆರಡು ವಿಷಯ ಗೊತ್ತಿರಬೇಕು. ಅಲ್ಲಿ ತಂಗುವ ಮನೆಯ ವಿಳಾಸವನ್ನು ಮೊದಲೇ ಕೇಳುತ್ತಾರೆ. ಮಗಳ ಮನೆ ಎಂದರೆ ಸಾಲದು, ಬೀದಿ, ಊರು, ರಾಜ್ಯ, ಪಿನ್ ಕೋಡ್ ಸಹಿತ ಬರೆದಿಟ್ಟುಕೊಳ್ಳಬೇಕು. ಇನ್ನೊಂದು, 2009ರಲ್ಲಿ ಆರಂಭವಾದ ಸೆಕ್ಯೂರ್ ಫ್ಲೈಟ್ ಎಂಬ ವ್ಯವಸ್ಥೆ. ಅದರ ಪ್ರಕಾರ ಹೆಸರು, ಹುಟ್ಟಿದ ದಿನಾಂಕ ಮತ್ತು ಲಿಂಗ ಪ್ರಯಾಣಕ್ಕೆ 72 ಗಂಟೆ ಮೊದಲು ಅಲ್ಲಿನ ಸಾರಿಗೆ ಭದ್ರತಾ ಇಲಾಖೆಯ ಕೈಸೇರಬೇಕು. ಅದಕ್ಕೂ ಮುನ್ನ ಶಂಕಿತರ ಪಟ್ಟಿಯನ್ನು ಕಂಪೆನಿಗಳೇ ನೋಡುತ್ತಿದ್ದವು, ಅದೂ ಹೆಚ್ಚಾಗಿ ಹೆಸರನ್ನು ಮಾತ್ರ. ಸೆನೆಟರ್ ಎಡ್ವರ್ಡ್ ಕೆನಡಿ ಅವರನ್ನೇ ಪಟ್ಟಿಯಲ್ಲಿದ್ದ ಯಾವುದೋ ಹೋಲುವ ಹೆಸರಿನ ದೆಸೆಯಿಂದ ಹಲವು ಬಾರಿ ತಡೆದಿದ್ದರೆಂಬುದು 2004ರಲ್ಲಿ ಅವರ ಬಾಯಿಂದಲೇ ಬಹಿರಂಗವಾಯಿತು. ಅಧ್ಯಕ್ಷರಾಗಿದ್ದವರ ತಮ್ಮನಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ನಮ್ಮ ಕರಾವಳಿಯ ಒಂದೇ ಚರ್ಚಿನಲ್ಲಿ ಜೋನ್ ಡಿಸೋಜ ಎಂಬವರು ನಾಲ್ಕೈದು ಮಂದಿ ಸಿಗುತ್ತಾರೆ. ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಹುಟ್ಟಿದ ದಿನಾಂಕ. ಅದನ್ನು ಸರಿಯಾಗಿ ಕೊಡುವುದರಿಂದ ನಮಗೆ ನಷ್ಟಕ್ಕಿಂತ ರಕ್ಷಣೆಯೇ ಹೆಚ್ಚು.

ಎರಡನೆಯದು ಟಿಕೆಟ್ ದಾಖಲೆ. ಪಿ.ಎನ್.ಆರ್. ಎಂದು ರೈಲಿನಲ್ಲೂ ಬಳಕೆಯಲ್ಲಿರುವ ಈ ಪದ ಎಲ್ಲರಿಗೂ ಪರಿಚಿತ. ಆದರೆ ವಿಮಾನದ ಪಿ.ಎನ್.ಆರ್. ಅಂದರೆ ಆರು ಅಕ್ಷರಗಳ ಸಂಖ್ಯೆ ಮಾತ್ರ ಅಲ್ಲ. ಟಿಕೆಟ್ ಯಾವಾಗ ಮಾಡಿದ್ದು, ಯಾವ ಏಜೆಂಟರ ಮೂಲಕ, ಹಣ ಕೊಟ್ಟದ್ದು ಹೇಗೆ, ಜೊತೆಗೆ ಯಾರಿದ್ದಾರೆ, ಎಷ್ಟು ಬ್ಯಾಗ್, ಯಾವ ಸೀಟು, ಫೋನ್, ಇಮೇಲ್ ಎಲ್ಲವೂ ಅದರ ಹಿಂದೆ ಇರುತ್ತದೆ. ಭಾರತ ಸರಕಾರ 2022ರ ಆಗಸ್ಟ್ 8ರಂದು ಹೊರಡಿಸಿದ ನಿಯಮಗಳ ಪ್ರಕಾರ, ನಮ್ಮ ದೇಶಕ್ಕೆ ಬರುವ ಮತ್ತು ಇಲ್ಲಿಂದ ಹೊರಡುವ ಅಂತಾರಾಷ್ಟ್ರೀಯ ವಿಮಾನಗಳ ಈ ದಾಖಲೆಯನ್ನು ಹೊರಡುವುದಕ್ಕೆ 24 ಗಂಟೆ ಮೊದಲು ಕಂಪೆನಿಗಳು ಕಸ್ಟಮ್ಸ್ ಇಲಾಖೆಯ ಕೇಂದ್ರಕ್ಕೆ ಕಳುಹಿಸಬೇಕು. ಇದಕ್ಕಾಗಿ ಪ್ರಯಾಣಿಕರು ಬೇರೆ ಅರ್ಜಿ ತುಂಬಿಸಬೇಕಾಗಿಲ್ಲ. ಟಿಕೆಟ್ ಮಾಡುವಾಗ ಕೊಟ್ಟದ್ದೇ ಹೋಗುತ್ತದೆ. ಸಾಮಾನ್ಯವಾಗಿ ಐದು ವರ್ಷ ಅದನ್ನು ಇಟ್ಟುಕೊಳ್ಳುತ್ತಾರೆ. ಜಾತಿ ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ, ಆರೋಗ್ಯ ಇವನ್ನು ತೋರಿಸಿಕೊಡುವ ಮಾಹಿತಿಯನ್ನು ಬಳಸಬಾರದೆಂದು ಆ ನಿಯಮಗಳಲ್ಲೇ ಇದೆ. ಇದು ಬರಿಯ ಔಪಚಾರಿಕ ಮಾತಲ್ಲ. ಹಲಾಲ್ ಊಟ ಅಥವಾ ಯಹೂದ್ಯರ ಕೋಷರ್ ಊಟ ಬೇಕೆಂದು ಗುರುತು ಹಾಕಿದರೆ ಪ್ರಯಾಣಿಕರ ಧರ್ಮ ತಿಳಿಯುತ್ತದೆ; ಗಾಲಿಕುರ್ಚಿ ಕೇಳಿದರೆ ಆರೋಗ್ಯ ತಿಳಿಯುತ್ತದೆ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2022ರ ಜೂನಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಯಾವ ಅಪಾಯವೂ ಕಾಣದ ಪ್ರಯಾಣಿಕರ ದಾಖಲೆಯನ್ನೂ ಐದು ವರ್ಷ ಇಟ್ಟುಕೊಳ್ಳುವುದು ಸರಿಯಲ್ಲ ಎಂದಿತು. ನಮ್ಮಲ್ಲಿಯೂ ಈ ಬಗ್ಗೆ ಹೆಚ್ಚಿನ ಚರ್ಚೆ ಆಗಬೇಕಿತ್ತು ಎಂಬುದು ನಮ್ಮ ಅನಿಸಿಕೆ.

ಹೆಸರಿನ ತೊಡಕು

ನಮ್ಮವರಿಗೆ ಅತಿ ಹೆಚ್ಚು ತೊಂದರೆ ಬರುವುದು ಹೆಸರಿನಿಂದ. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮೂರು ನಾಲ್ಕು ಹೆಸರು, ಶಾಲೆಯಲ್ಲಿ ಒಂದೇ, ಮನೆಯಲ್ಲಿ ಕರೆಯುವುದು ಬೇರೆಯೇ. ವಿಮಾನದ ಮಟ್ಟಿಗೆ ಲೆಕ್ಕಕ್ಕಿರುವುದು ಪಾಸ್‌ಪೋರ್ಟ್ ಮಾತ್ರ. ಅದರ ಫೋಟೋ ಇರುವ ಪುಟದ ಕೆಳಗಡೆ ಬಾಣದ ತುದಿಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಯಂತ್ರ ಓದುವುದು ಅವನ್ನೇ. ಒಂದೊಂದು ಸಾಲಿನಲ್ಲಿ 44 ಸ್ಥಾನ. ಮೊದಲ ಸಾಲಿನಲ್ಲಿ ಹೆಸರಿಗೆ ಸಿಗುವುದು 39. ಮೊದಲು ಮನೆತನದ ಹೆಸರು, ಎರಡು ಬಾಣದ ಗುರುತು, ಆಮೇಲೆ ಕೊಟ್ಟ ಹೆಸರುಗಳು. ಹೆಸರು ತುಂಬ ಉದ್ದವಾದರೆ ಕೊನೆಯ ಭಾಗ ತುಂಡಾಗುತ್ತದೆ.

ಡಿಸೋಜ, ಡಿಸಿಲ್ವ, ಡಿಕುನ್ಹ, ಡಿಮೆಲ್ಲೊ ಮನೆತನದವರಿಗೆ ಒಂದು ಮಾತು. ‘ಡಿ’ ಅಕ್ಷರದ ನಂತರ ಮೇಲ್ಗಡೆ ಹಾಕುವ ಅಲ್ಪವಿರಾಮದಂಥ ಚಿಹ್ನೆಗೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಲ್ಲಿ ಸ್ಥಾನವಿಲ್ಲ. ಯಂತ್ರದ ಸಾಲಿನಲ್ಲಿ ಅದನ್ನು ಬಿಟ್ಟು ಅಕ್ಷರಗಳನ್ನು ಒಟ್ಟಿಗೆ ಬರೆಯುತ್ತಾರೆ. ಆದರೆ ಪಾಸ್‌ಪೋರ್ಟಿನಲ್ಲಿ ‘ಡಿ’ ನಂತರ ಖಾಲಿ ಜಾಗ ಬಿಟ್ಟಿದ್ದರೆ ಅಲ್ಲಿ ಒಂದು ಬಾಣದ ಗುರುತು ಬರುತ್ತದೆ. ಅಪ್ಪನದು ಒಟ್ಟಿಗೆ, ಮಗನದು ಬಿಡಿಸಿ ಇರುವ ಮನೆಗಳು ನಮ್ಮಲ್ಲಿ ಅಪರೂಪವೇನಲ್ಲ. ಟಿಕೆಟ್ ಮಾಡುವಾಗ ಮನೆಮಂದಿಯ ಹೆಸರನ್ನೆಲ್ಲ ಒಂದೇ ರೀತಿ ಬರೆಯಬೇಡಿ. ಒಬ್ಬೊಬ್ಬರ ಪಾಸ್‌ಪೋರ್ಟನ್ನೂ ಎದುರಿಗಿಟ್ಟು ಬರೆಯಿರಿ. ಟಿಕೆಟಿನಲ್ಲಿ ಹೆಸರಿನ ಬಾಲಕ್ಕೆ ‘ಮಿಸ್ಟರ್’, ‘ಮಿಸೆಸ್’ ಎಂಬುದರ ಅಕ್ಷರಗಳು ಅಂಟಿಕೊಂಡಿರುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಎಲ್ಲರ ಟಿಕೆಟಿನಲ್ಲೂ ಹಾಗೆಯೇ ಇರುತ್ತದೆ.

ಮದುವೆಯಾದ ಹೆಣ್ಣುಮಕ್ಕಳು ತವರಿನ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡು ಗಂಡನ ಮನೆತನದ ಹೆಸರಿನಲ್ಲಿ ಟಿಕೆಟ್ ಮಾಡಿದರೆ ನಡೆಯುವುದಿಲ್ಲ. ಒಂದೆರಡು ಅಕ್ಷರದ ತಪ್ಪನ್ನು ಕಂಪೆನಿಗಳು ತಿದ್ದಿ ಕೊಡುವುದುಂಟು. ಇಡೀ ಮನೆತನದ ಹೆಸರೇ ಬೇರೆಯಾದರೆ ಬೇರೊಬ್ಬರಿಗೆ ಟಿಕೆಟ್ ದಾಟಿಸಿದಂತೆ ಕಾಣುತ್ತದೆ.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಇನ್ನೊಂದು ಜಾಗ ಖಾಲಿ ಇರುವವರ ಕಷ್ಟ ಇನ್ನೂ ದೊಡ್ಡದು. ಅಂಥವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ತಿಳಿಸಿದಾಗ ಬಹಳ ಮಂದಿ ಕಂಗಾಲಾದರು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು ಅಥವಾ ಮನೆತನದ ಹೆಸರು ಇದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಸ್ಪಷ್ಟನೆ ಬಂತು. ಅಮೆರಿಕದ ವೀಸಾದಲ್ಲಿ ಇಂಥವರ ಒಂದೇ ಹೆಸರನ್ನು ಮನೆತನದ ಜಾಗದಲ್ಲಿ ಹಾಕಿ, ಕೊಟ್ಟ ಹೆಸರಿನ ಜಾಗದಲ್ಲಿ ‘ಹೆಸರು ತಿಳಿಯದು’ ಎಂಬ ಅರ್ಥದ ಎಫ್.ಎನ್.ಯು. ಎಂದು ಬರೆಯುತ್ತಾರೆ. ಟಿಕೆಟ್ ಮಾಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಜಾಗ ತುಂಬುವಂತೆ ಹೊಸದಾಗಿ ಮಾಡಿಸಿಕೊಳ್ಳುವುದೇ ಒಳ್ಳೆಯದು.

ಊರಿನ ಒಂದು ಫೋನ್ ನಂಬರ್

ತುರ್ತು ಸಂಪರ್ಕಕ್ಕೆ ಒಬ್ಬರ ಹೆಸರು, ಫೋನ್ ಕೊಡಿ ಎಂಬ ಜಾಗವನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ಇಲ್ಲವೇ ತಮ್ಮದೇ ನಂಬರ್ ಬರೆಯುತ್ತಾರೆ. ಇದು ಕಡ್ಡಾಯವಲ್ಲದಿರಬಹುದು, ಆದರೆ ಖಾಲಿ ಬಿಡುವಂಥದ್ದಲ್ಲ. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬೀ ಮೇಲೆ ಪ್ಯಾನ್ ಆಮ್ ವಿಮಾನ ಸ್ಫೋಟಗೊಂಡಾಗ ಸತ್ತವರ ಕುಟುಂಬಗಳಿಗೆ ಸುದ್ದಿ ತಲುಪಿಸಲು ತಡವಾಗಿ ಬಹಳ ನೋವಾಯಿತು. ಅದರ ಫಲವಾಗಿಯೇ ಅಮೆರಿಕದಲ್ಲಿ 1998ರಲ್ಲಿ ಈ ವಿವರ ಕೇಳಬೇಕೆಂಬ ನಿಯಮ ಬಂತು. ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿದಾಗ ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಕೆಲವರ ಗುರುತು ಹಿಡಿಯಲು ಡಿ.ಎನ್.ಎ. ಪರೀಕ್ಷೆಯೇ ಬೇಕಾಯಿತು. ಅಂಥ ಹೊತ್ತಿನಲ್ಲಿ ವಿಮಾನದಲ್ಲಿ ಯಾರಿದ್ದರು, ಯಾರ ಮನೆಗೆ ಹೇಳಬೇಕು ಎಂಬುದು ಪ್ರಯಾಣಿಕರು ಮೊದಲೇ ಕೊಟ್ಟ ವಿವರದ ಮೇಲೆಯೇ ನಿಂತಿರುತ್ತದೆ. ಜೊತೆಗೆ ಪ್ರಯಾಣ ಮಾಡದೆ ಊರಿನಲ್ಲಿ ಉಳಿಯುವ, ಫೋನ್ ಎತ್ತುವ ಒಬ್ಬರ ನಂಬರನ್ನು ದೇಶದ ಸಂಖ್ಯೆ 91 ಸಹಿತ ಬರೆಯಿರಿ. ಬರೆದ ಮೇಲೆ ಅವರಿಗೂ ಹೇಳಿಡಿ.

ಕೊಡಬೇಕಾಗಿಲ್ಲದ್ದು, ಜೋಪಾನ ಮಾಡಬೇಕಾದದ್ದು

ಮದುವೆಯ ವಾರ್ಷಿಕ ದಿನ, ಸಂಬಳ, ಇಷ್ಟದ ಹೋಟೆಲು, ಕೊಡುಗೆಗಳ ಸಂದೇಶ ಕಳುಹಿಸಲು ಒಪ್ಪಿಗೆ, ಇವು ವ್ಯಾಪಾರದ ಪ್ರಶ್ನೆಗಳು. ಚೌಕದೊಳಗೆ ಮೊದಲೇ ಗುರುತು ಹಾಕಿಟ್ಟಿದ್ದರೆ ಅದನ್ನು ತೆಗೆದರೂ ವಿಮಾನ ಹಾರುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ಆಧಾರ್ ಒಂದೇ ಆಗಬೇಕೆಂದಿಲ್ಲ. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಕೂಡ ನಡೆಯುತ್ತದೆ. 2022ರ ಡಿಸೆಂಬರಿನಲ್ಲಿ ಆರಂಭವಾದ, ಮುಖ ತೋರಿಸಿ ಒಳಹೋಗುವ ಡಿಜಿ ಯಾತ್ರಾ ಕೂಡ ಇಷ್ಟವಿದ್ದವರಿಗೆ ಮಾತ್ರ.

ಕೊಟ್ಟ ಮಾಹಿತಿ ಸೋರುವುದಿಲ್ಲವೇ ಎಂದು ಕೇಳಬಹುದು. ಸೋರಿದ್ದುಂಟು. ಏರ್ ಇಂಡಿಯಾದ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಸೀಟಾ ಎಂಬ ಸಂಸ್ಥೆಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿ, ಲೋಕದಾದ್ಯಂತ ಸುಮಾರು 45 ಲಕ್ಷ ಪ್ರಯಾಣಿಕರ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರಗಳು ಅವರ ಕೈಗೆ ಸಿಕ್ಕಿದ್ದನ್ನು ಕಂಪೆನಿ 2021ರ ಮೇ ತಿಂಗಳಲ್ಲಿ ತಿಳಿಸಿತು. ನಮ್ಮ ದೇಶದಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಕಾನೂನು ಬಂದದ್ದು 2023ರಲ್ಲಿ, ಅದರ ನಿಯಮಗಳು 2025ರ ನವೆಂಬರಿನಲ್ಲಿ.

ಆದರೆ ಎಲ್ಲ ಸೋರಿಕೆಯೂ ಕಂಪೆನಿಗಳಿಂದಲೇ ಆಗುವುದಲ್ಲ. ಆಸ್ಟ್ರೇಲಿಯದ ಮಾಜಿ ಪ್ರಧಾನಿ ಟೋನಿ ಆಬಟ್, ಯೌವನದಲ್ಲಿ ಸೆಮಿನರಿಯಲ್ಲಿ ಕಲಿತವರು, 2020ರಲ್ಲಿ ತಮ್ಮ ಬೋರ್ಡಿಂಗ್ ಪಾಸಿನ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಒಬ್ಬ ತರುಣ ಅದರಲ್ಲಿದ್ದ ಟಿಕೆಟ್ ಸಂಖ್ಯೆ ಮತ್ತು ಮನೆತನದ ಹೆಸರು ಎರಡನ್ನೇ ಹಾಕಿ ಕಂಪೆನಿಯ ಪುಟ ತೆರೆದು, ಅವರ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರ್ ತನಕ ಕಂಡುಹಿಡಿದ. ಅವನು ಸಜ್ಜನ, ಸಂಬಂಧಪಟ್ಟವರಿಗೆ ತಿಳಿಸಿದ. ‘ಹೊರಟೆವು’ ಎಂದು ಬೋರ್ಡಿಂಗ್ ಪಾಸ್ ಹಿಡಿದು ಫೋಟೋ ಹಾಕುವ ನಮ್ಮ ಯುವಕರು ಇದನ್ನು ಗಮನಿಸಬೇಕು. ಬಳಸಿ ಮುಗಿದ ಪಾಸನ್ನು ಹರಿದೇ ಬಿಸಾಡಬೇಕು.

ರೋಮ್, ಫಾತಿಮಾ, ಪವಿತ್ರ ನಾಡಿಗೆ ಗುಂಪಾಗಿ ಯಾತ್ರೆ ಹೊರಡಿಸುವ ಧರ್ಮಕೇಂದ್ರಗಳವರಿಗೂ ಇಲ್ಲಿ ಒಂದು ಕೆಲಸವಿದೆ. ನಲವತ್ತು ಮಂದಿಯ ಪಾಸ್‌ಪೋರ್ಟ್ ಪುಟಗಳನ್ನು ಗುಂಪಿನ ವಾಟ್ಸಾಪಿಗೆ ಕಳುಹಿಸಿರೆಂದು ಹೇಳುವುದು ಸುಲಭ. ಆದರೆ ಆ ಚಿತ್ರ ನಲವತ್ತು ಮಂದಿಯ ಫೋನಿನಲ್ಲೂ ಉಳಿಯುತ್ತದೆ. ಒಬ್ಬರೇ ಜವಾಬ್ದಾರರು ಪ್ರತ್ಯೇಕವಾಗಿ ಪಡೆದು, ಏಜೆಂಟರಿಗೆ ಒಪ್ಪಿಸಿ, ಯಾತ್ರೆ ಮುಗಿದ ಮೇಲೆ ಅಳಿಸಿಹಾಕಬೇಕು. ಕಛೇರಿಯಲ್ಲಿ ಉಳಿದ ಜೆರಾಕ್ಸ್ ಪ್ರತಿಗಳನ್ನೂ ಹಾಗೆಯೇ. ಹೆಸರಿನ ಪಟ್ಟಿಯನ್ನು ಕೈಬರಹದಲ್ಲಿ ಮಾಡುವ ಬದಲು ಪಾಸ್‌ಪೋರ್ಟ್ ನೋಡಿಯೇ ಟೈಪ್ ಮಾಡಿ, ಒಬ್ಬೊಬ್ಬರಿಂದಲೂ ಓದಿಸಿ ಸಹಿ ಹಾಕಿಸಿಕೊಂಡರೆ ಮುಂದೆ ತಕರಾರು ಇರುವುದಿಲ್ಲ.

ಕೊನೆಯದಾಗಿ, ವಿಮಾನ ಕಂಪೆನಿಯವರೆಂದು ಹೇಳಿಕೊಂಡು ಫೋನ್ ಬಂದರೆ ಫೋನಿನಲ್ಲಿ ಏನನ್ನೂ ಕೊಡಬೇಡಿ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವ ಬದಲು ಕಂಪೆನಿಯ ಜಾಲತಾಣವನ್ನು ನೀವೇ ತೆರೆದು, ಟಿಕೆಟಿನ ಆರು ಅಕ್ಷರ ಹಾಕಿ, ಯಾವ ಜಾಗ ಖಾಲಿ ಇದೆಯೆಂದು ನೋಡಿ ತುಂಬಿಸಿ. ಗೂಗಲಿನಲ್ಲಿ ಹುಡುಕಿದಾಗ ಸಿಗುವ ಗ್ರಾಹಕ ಸೇವೆಯ ನಂಬರುಗಳಲ್ಲಿ ನಕಲಿಗಳೂ ಇರುತ್ತವೆ. ಪಾಸ್‌ಪೋರ್ಟ್ ವಿವರ ತುಂಬಿಸಲು ಓ.ಟಿ.ಪಿ. ಹೇಳಿ, ಹತ್ತು ರೂಪಾಯಿ ಕಟ್ಟಿ ಎಂದವರು ಕಂಪೆನಿಯವರಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.