ನೆಲದಡಿಯ ನೀರೂ ಮುದ್ರೆಯ ಹೊಣೆಯೂ

ಬೀದರ ನಗರದ ಮೈಲೂರ ರಸ್ತೆಯಲ್ಲಿ ಬೆಳಗಿನ ಹೊತ್ತು ನಡೆದುಹೋದರೆ, 1980ರಲ್ಲಿ ಸ್ಥಾಪಿತವಾದ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜಿಗೆ ಧಾವಿಸುವ ತರುಣರು ಕಣ್ಣಿಗೆ ಬೀಳುತ್ತಾರೆ. ಈ ಊರಿನ ಎಂಜಿನಿಯರಿಕೆಯ ಚರಿತ್ರೆಯಾದರೋ ಆ ಕಾಲೇಜಿಗಿಂತ ಐದು ಶತಮಾನಗಳಷ್ಟು ಹಿರಿಯದಾಗಿ, ಅನತಿದೂರದ ನೌಬಾದಿನ ನೆಲದಡಿಯಲ್ಲಿ ಹುದುಗಿಕೊಂಡಿದೆ.

ಬಹಮನಿ ದೊರೆ ಅಹಮದ್ ಶಾಹನು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಗುಲಬರ್ಗೆಯಿಂದ ಬೀದರಕ್ಕೆ ರಾಜಧಾನಿಯನ್ನು ತಂದಾಗ ಕೋಟೆಗೆ ಬೇಕಾದ ಎತ್ತರ ಇಲ್ಲಿ ದೊರೆಯಿತು. ಎತ್ತರದ ನೆಲಕ್ಕೆ ನೀರನ್ನು ಒದಗಿಸುವ ಕಷ್ಟವೂ ಅದರೊಡನೆಯೇ ಬಂದಿತು. ಬೀದರದ ಪ್ರಸ್ಥಭೂಮಿಯ ಮೇಲ್ಪದರ ರಂಧ್ರಮಯವಾದ ಜಂಬಿಟ್ಟಿಗೆ. ಅದರ ಕೆಳಗೆ ಕರಿಗಲ್ಲು. ಮಳೆಯ ನೀರು ಕೆಂಗಲ್ಲಿನಲ್ಲಿ ಇಳಿದು ಆ ಎರಡರ ಸಂಧಿಯಲ್ಲಿ ತಂಗುವುದನ್ನು ಬಲ್ಲವರಾರೋ, ನೆಲದಡಿಯ ಕಾಲುವೆಯಿಂದ ನೀರು ಹರಿಸುವ, ಪಾರಸೀಕ ದೇಶದ ಕರೇಜ್ ವಿದ್ಯೆಯನ್ನು ಇಲ್ಲಿನ ಶಿಲೆಗೆ ಹೊಂದಿಸಿ, ಎರಡು ಕಿಲೋಮೀಟರಿಗೂ ಮೀರಿದ ಸುರಂಗವನ್ನು ಕೊರೆದು, ಅದರ ಮೇಲೆ ಅಲ್ಲಲ್ಲಿ 21 ಬಾವಿಗಳನ್ನು ತೆರೆದರು. ಅಗೆದ ಕಲ್ಲುಮಣ್ಣು ಮೇಲೆ ಬರಲೂ ಗಾಳಿ ಒಳಗಿಳಿಯಲೂ ಆ ಬಾವಿಗಳೇ ದಾರಿ. ಇಲ್ಲಿ ಪಂಪಿಲ್ಲ, ರಾಟೆಯಿಲ್ಲ, ಇಳಿಜಾರೊಂದೇ ಯಂತ್ರ. ಅದು ತುಸು ಹೆಚ್ಚಾದರೆ ಪ್ರವಾಹ ತಳವನ್ನು ಕೊರೆದೀತು, ತುಸು ಕಡಿಮೆಯಾದರೆ ಹೂಳು ತುಂಬೀತು. ಕತ್ತಲಲ್ಲಿ ಗೇಣು ಗೇಣಾಗಿ ಮುಂದುವರಿಯುತ್ತ ಆ ಅಳತೆಯನ್ನು ಕೈತಪ್ಪದಂತೆ ಕಾಯ್ದವನ ಹೆಸರು ಉಳಿದು ಬಂದಿಲ್ಲ. ಅವನಿಗೆ ಸನದು ಕೊಟ್ಟವರು ಯಾರು? ಹರಿದ ನೀರೇ ಎನ್ನಬೇಕು.

ಹೆಸರು ಕಾಗದಕ್ಕೆ ಬಂದುದು ಬಹು ಈಚೆಗೆ. ಬೀದರವು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, 1908ರ ಮೂಸಿ ಪ್ರವಾಹದ ತರುವಾಯ ಹೈದರಾಬಾದಿಗೆ ಬಂದ ವಿಶ್ವೇಶ್ವರಯ್ಯನವರ ಹೆಸರನ್ನೂ, ಇದೇ ಜಿಲ್ಲೆಯನ್ನು ಹಾಯ್ದು ಹೋಗುವ ಮಂಜೀರೆಗೆ ಮುಂದೆ ನಿಜಾಮಸಾಗರವನ್ನು ಕಟ್ಟಿದ ಅಲೀ ನವಾಜ್ ಜಂಗರ ಹೆಸರನ್ನೂ ಜನ ಹೇಳಬಲ್ಲವರಾದರು. ಇತ್ತ ಭಾರತದ ಎಂಜಿನಿಯರರ ಸಂಸ್ಥೆ 1920ರಲ್ಲಿ ಹುಟ್ಟಿ, 1935ರಲ್ಲಿ ರಾಜಸನದನ್ನು ಪಡೆದು, ಅರ್ಹ ಸದಸ್ಯರಿಗೆ 'ಚಾರ್ಟರ್ಡ್ ಎಂಜಿನಿಯರ್' ಎಂಬ ಬಿರುದನ್ನು ಕೊಡತೊಡಗಿತು. ಆದರೂ ವಕೀಲರಿಗೆ 1961ರಲ್ಲಿ, ವಾಸ್ತುಶಿಲ್ಪಿಗಳಿಗೆ 1972ರಲ್ಲಿ ದೇಶವ್ಯಾಪಿಯಾದ ನೋಂದಣಿಯ ಕಾಯಿದೆಗಳಾದಂತೆ ಎಂಜಿನಿಯರರೆಲ್ಲರಿಗೂ ಅನ್ವಯಿಸುವಂಥದೊಂದು ಆಗಲಿಲ್ಲ. ನಗರಸಭೆಗೆ ಮನೆಯ ನಕ್ಷೆ ಸಲ್ಲಿಸುವಾಗ ಮೂಲೆಯಲ್ಲಿ ಬೀಳುವ ಲೈಸೆನ್ಸಿನ ಮುದ್ರೆಯೇ ನಮ್ಮ ಊರುಗಳಲ್ಲಿ ಜನಸಾಮಾನ್ಯರಿಗೆ ಪರಿಚಿತವಾದ ನೋಂದಣಿ. ಆ ನೇರಳೆ ಬಣ್ಣದ ಮುದ್ರೆಯನ್ನು ಬರಿಯ ಔಪಚಾರಿಕವೆಂದು ಕಾಣುವವರುಂಟು. ನನಗಾದರೋ ಅದು ಗೋಡೆ ಬಿರಿದ ದಿನ ಯಾರ ಬಾಗಿಲು ತಟ್ಟಬೇಕೆಂಬುದನ್ನು ಮನೆಯೊಡೆಯನಿಗೆ ಹೇಳುವ ವಿಳಾಸವಾಗಿ ತೋರುತ್ತದೆ.

ನೌಬಾದಿನ ಬಾವಿಗಳಲ್ಲಿ ಕೆಲವು ಕಸ ತುಂಬಿ, ಕೆಲವು ಹೊಸ ಕಟ್ಟಡಗಳ ಕೆಳಗೆ ಸಿಕ್ಕಿ ಕಣ್ಮರೆಯಾದುವು. ಅವುಗಳ ಬಾಯ ಮೇಲೆ ಎದ್ದ ಗೋಡೆಗಳ ನಕ್ಷೆಯಲ್ಲಿಯೂ ಮೂಲೆಯಲ್ಲೊಂದು ಮುದ್ರೆ ಇದ್ದಿರಬೇಕು.