ಜರ್ನಲ್ ಬೇರಿಂಗ್‌ಗಳಲ್ಲಿ ಕೀಲೆಣ್ಣೆಯ ಹರಿವಿನ ಲೆಕ್ಕಾಚಾರ

ಜರ್ನಲ್ ಬೇರಿಂಗ್ ಎಂದರೆ ತಿರುಗುವ ಶಾಫ್ಟ್‌ಗೆ ಆಧಾರ ನೀಡುವ ಕೊಳವೆಯಾಕಾರದ ಯಂತ್ರಭಾಗ. ಶಾಫ್ಟ್ ಮತ್ತು ಬೇರಿಂಗ್ ನಡುವಿನ ತೆಳುವಾದ ಎಣ್ಣೆಯ ಪದರವು ಹೊರೆಯನ್ನು ಹೊರುತ್ತದೆ. ಈ ಪದರದಿಂದ ಬೇರಿಂಗ್‌ನ ಎರಡೂ ಅಂಚುಗಳ ಮೂಲಕ ಎಣ್ಣೆ ನಿರಂತರವಾಗಿ ಹೊರಹೋಗುತ್ತದೆ. ಅಷ್ಟೇ ಪ್ರಮಾಣದ ಎಣ್ಣೆ ಪೂರೈಕೆಯಾಗದಿದ್ದರೆ ಪದರವು ಕಡಿದು, ಲೋಹಗಳು ಪರಸ್ಪರ ತಾಗಿ ಬೇರಿಂಗ್ ಹಾಳಾಗುತ್ತದೆ.

ಇತಿಹಾಸ

1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ರೈಲ್ವೆ ಬೇರಿಂಗ್‌ಗಳ ಮೇಲೆ ನಡೆಸಿದ ಪ್ರಯೋಗಗಳ ವರದಿಯನ್ನು ಪ್ರಕಟಿಸಿದರು. ಬೇರಿಂಗ್‌ನ ರಂಧ್ರಕ್ಕೆ ಬಡಿದಿದ್ದ ಬೆಣೆಯನ್ನು ಎಣ್ಣೆಯ ಒತ್ತಡವು ಹೊರದೂಡಿದ್ದನ್ನು ಅವರು ಗಮನಿಸಿದರು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಈ ಒತ್ತಡವನ್ನು ವಿವರಿಸುವ ಸಮೀಕರಣವನ್ನು ನೀಡಿದರು. 1958ರಲ್ಲಿ ರೈಮಂಡಿ ಮತ್ತು ಬಾಯ್ಡ್ ಪ್ರಕಟಿಸಿದ ನಕ್ಷೆಗಳು ಇಂದಿಗೂ ವಿನ್ಯಾಸದಲ್ಲಿ ಬಳಕೆಯಲ್ಲಿವೆ.

ಪಾರ್ಶ್ವ ಹರಿವು

ಹೊರೆಯಿಂದಾಗಿ ಶಾಫ್ಟ್ ಬೇರಿಂಗ್‌ನ ಕೇಂದ್ರದಿಂದ ಸರಿಯುತ್ತದೆ. ಈ ಸರಿತವನ್ನು ತ್ರಿಜ್ಯೀಯ ತೆರವಿನಿಂದ ಭಾಗಿಸಿದಾಗ ದೊರೆಯುವುದು ಉತ್ಕೇಂದ್ರತಾ ಅನುಪಾತ. ಪದರವು ಅತಿ ದಪ್ಪವಾಗಿರುವಲ್ಲಿ ಹೆಚ್ಚು ಎಣ್ಣೆ ಒಳಸೇರುತ್ತದೆ; ಅತಿ ತೆಳುವಾಗಿರುವಲ್ಲಿ ಕಡಿಮೆ ಎಣ್ಣೆ ಮುಂದೆ ಸಾಗುತ್ತದೆ. ಇವೆರಡರ ವ್ಯತ್ಯಾಸವೇ ಅಂಚುಗಳಿಂದ ಸೋರುವ ಪಾರ್ಶ್ವ ಹರಿವು. ಉದ್ದವು ವ್ಯಾಸದ ಅರ್ಧಕ್ಕಿಂತ ಕಡಿಮೆಯಿರುವ ಗಿಡ್ಡ ಬೇರಿಂಗ್‌ಗಳಿಗೆ ಸ್ಥೂಲವಾಗಿ ಈ ಸೂತ್ರ ಅನ್ವಯಿಸುತ್ತದೆ:

ಪಾರ್ಶ್ವ ಹರಿವು = ಶಾಫ್ಟ್‌ನ ಮೇಲ್ಮೈ ವೇಗ × ತ್ರಿಜ್ಯೀಯ ತೆರವು × ಬೇರಿಂಗ್‌ನ ಉದ್ದ × ಉತ್ಕೇಂದ್ರತಾ ಅನುಪಾತ

ಉದ್ದವಾದ ಬೇರಿಂಗ್‌ಗಳಲ್ಲಿ ಈ ಸೂತ್ರವು ನೈಜ ಹರಿವಿಗಿಂತ ಹೆಚ್ಚಿನ ಮೌಲ್ಯವನ್ನು ನೀಡುವುದರಿಂದ ನಕ್ಷೆಗಳನ್ನು ಅಥವಾ ಗಣಕ ವಿಧಾನಗಳನ್ನು ಬಳಸಲಾಗುತ್ತದೆ.

ಉದಾಹರಣೆ

ವ್ಯಾಸ 50 ಮಿ.ಮೀ., ಉದ್ದ 20 ಮಿ.ಮೀ., ತ್ರಿಜ್ಯೀಯ ತೆರವು 0.05 ಮಿ.ಮೀ., ಉತ್ಕೇಂದ್ರತಾ ಅನುಪಾತ 0.6 ಮತ್ತು ವೇಗ ನಿಮಿಷಕ್ಕೆ 1500 ಸುತ್ತು ಎಂದಿರಲಿ. ಮೇಲ್ಮೈ ವೇಗವು ಸೆಕೆಂಡಿಗೆ ಸುಮಾರು 3927 ಮಿ.ಮೀ. ಆಗುತ್ತದೆ. ಆಗ ಪಾರ್ಶ್ವ ಹರಿವು ಸೆಕೆಂಡಿಗೆ ಸುಮಾರು 2356 ಘನ ಮಿ.ಮೀ., ಅಂದರೆ ನಿಮಿಷಕ್ಕೆ ಸುಮಾರು 0.14 ಲೀಟರ್.

ಪೂರೈಕೆ ಒತ್ತಡದ ಪ್ರಭಾವ

ಪಂಪಿನ ಮೂಲಕ ಎಣ್ಣೆ ಪೂರೈಸುವಾಗ ಒತ್ತಡದಿಂದಲೂ ಹೆಚ್ಚುವರಿ ಹರಿವು ಉಂಟಾಗುತ್ತದೆ. ಇದು ಪೂರೈಕೆ ಒತ್ತಡಕ್ಕೆ ಮತ್ತು ತೆರವಿನ ಘನಕ್ಕೆ ನೇರ ಅನುಪಾತದಲ್ಲಿಯೂ, ಎಣ್ಣೆಯ ಸ್ನಿಗ್ಧತೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಸವೆತದಿಂದ ತೆರವು ಎರಡು ಪಟ್ಟಾದರೆ ಈ ಹರಿವು ಎಂಟು ಪಟ್ಟಾಗುತ್ತದೆ. ಸವೆದ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡ ಕುಸಿಯಲು ಇದೊಂದು ಮುಖ್ಯ ಕಾರಣ.

ಉಷ್ಣ ಸಮತೋಲನ

ಘರ್ಷಣೆಯಿಂದ ಹುಟ್ಟುವ ಶಾಖದ ಬಹುಭಾಗವನ್ನು ಹೊರಹರಿಯುವ ಎಣ್ಣೆಯೇ ಒಯ್ಯುತ್ತದೆ. ಮೇಲಿನ ಉದಾಹರಣೆಯಲ್ಲಿ 60 ವ್ಯಾಟ್ ಶಾಖವೆಲ್ಲವನ್ನೂ ಪಾರ್ಶ್ವ ಹರಿವೇ ಒಯ್ದರೆ, ಎಣ್ಣೆಯ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಉಷ್ಣತೆ ಏರಿದಂತೆ ಸ್ನಿಗ್ಧತೆ ತಗ್ಗಿ ಪದರ ತೆಳುವಾಗುವುದರಿಂದ, ಊಹಿಸಿದ ಉಷ್ಣತೆಯೂ ಲೆಕ್ಕದಿಂದ ಬಂದ ಉಷ್ಣತೆಯೂ ಹೊಂದುವವರೆಗೆ ಲೆಕ್ಕಾಚಾರವನ್ನು ಪುನರಾವರ್ತಿಸಲಾಗುತ್ತದೆ.